ಬೆಲೆ ಬರೆಯದ ಆಟ: ಬೆಂಗಳೂರಿನ ಗೇಮ್ ತಯಾರಕರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನಲ್ಲಿ ಮೊಬೈಲ್ ಗೇಮ್ ಕಟ್ಟುತ್ತಿರುವ ನಿಮಗೆ ಈ ಪತ್ರ ಬರೆಯುತ್ತಿರುವುದು ಬಾಗಲಕೋಟೆ ಜಿಲ್ಲೆಯ ಅಮೀನಗಡದಿಂದ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಎರಡೇ ದಿನದಲ್ಲಿ ಮುಗಿಸಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿ ಹಣ ಗೆಲ್ಲುವ ಆಟ ಕೌಶಲದ್ದಿರಲಿ, ಅದೃಷ್ಟದ್ದಿರಲಿ, ನಡೆಸುವಂತಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿಯಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಸರ್ಕಾರ ಮುಂದಿಟ್ಟಿತು. ರಮ್ಮಿ ನಡೆಸುವ ಕಂಪನಿಯೊಂದು ಕರ್ನಾಟಕ ಹೈಕೋರ್ಟಿಗೆ ಹೋಯಿತು, ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಇಂಥ ಅರ್ಜಿಗಳನ್ನೆಲ್ಲ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ತನ್ನ ಬಳಿಗೆ ಕರೆಸಿಕೊಂಡಿತು. ಆ ಜಗಳ ಅಲ್ಲಿ ನಡೆಯಲಿ. ಈ ಪತ್ರ ರಮ್ಮಿಯವರಿಗಲ್ಲ, ಫ್ಯಾಂಟಸಿ ಕ್ರಿಕೆಟ್‌ನವರಿಗೂ ಅಲ್ಲ. ಹೊಲ ಉಳುಮೆ ಮಾಡಿಸುವ, ಮಿಠಾಯಿ ಜೋಡಿಸುವ, ಗುಂಡು ಹಾರಿಸುವ, ಲೂಡೋ ಆಡಿಸುವ, 'ನಾವು ಜೂಜಿನವರಲ್ಲ' ಎಂದು ಆ ವಾರ ನಿರಾಳವಾಗಿ ಉಸಿರುಬಿಟ್ಟ ನಿಮಗೆ ಇದನ್ನು ಬರೆಯುತ್ತಿರುವುದು.

ಮೊಬೈಲ್ ಗೇಮ್‌ಗಳ ಬಗ್ಗೆ ನಮ್ಮಲ್ಲಿ ಎರಡು ಚರ್ಚೆಗಳು ನಡೆಯುತ್ತಿವೆ, ಎರಡೂ ಒಂದರ ಮುಖ ಇನ್ನೊಂದು ನೋಡದಂತೆ. ಗೇಮ್ ಬಲ್ಲವರು ಗುಣಮಟ್ಟದ ಮಾತಾಡುತ್ತಾರೆ: ಫೋನಿನ ಆಟಗಳು ಕಳಪೆ, ಗಾಜಿನ ಮೇಲೆ ಬೆರಳಾಡಿಸಿ ನಿಜವಾದ ಆಟ ಆಡಲಾಗದು, ಅದಕ್ಕೆ ಕಂಪ್ಯೂಟರೋ ಗುಂಡಿಗಳಿರುವ ಕನ್ಸೋಲೋ ಬೇಕು ಎನ್ನುತ್ತಾರೆ. ತಂದೆತಾಯಿ, ಮೇಷ್ಟ್ರು, ಶಾಸಕರು ನಿಯಂತ್ರಣದ ಮಾತಾಡುತ್ತಾರೆ: ಮಕ್ಕಳು ಎಷ್ಟು ಹೊತ್ತು ಆಡಬಹುದು, ಯಾವ ಆಟ ನಿಷೇಧಿಸಬೇಕು. ಆಟದ ನಡುವೆ ಹಣ ಕೀಳುವ ರೀತಿಯೇ ಆಟವನ್ನು ಕಳಪೆ ಮಾಡುತ್ತಿದೆ, ನಿಯಂತ್ರಣ ಬೇಕೆಂಬ ಕೂಗನ್ನೂ ಎಬ್ಬಿಸುತ್ತಿದೆ ಎಂಬುದು ನನ್ನ ವಾದ. ಆ ರೀತಿಯನ್ನು ಬದಲಿಸುವ ಶಕ್ತಿ ಪೊಲೀಸರಿಗಿಂತ, ತಾಯಂದಿರಿಗಿಂತ ಹೆಚ್ಚಾಗಿ ನಿಮ್ಮ ಕೈಯಲ್ಲಿದೆ.

ಮೊದಲು ಬೆರಳಿನ ದೂರು. ಅದರಲ್ಲಿ ಅರ್ಧ ಸತ್ಯವಿದೆ. ಕನ್ಸೋಲಿಗೆಂದು ಹುಟ್ಟಿದ ಆಟವನ್ನು ಫೋನಿಗೆ ತಂದು, ಪರದೆಯ ಎರಡು ಮೂಲೆಗೆ ಗುಂಡಿಗಳ ಚಿತ್ರ ಅಂಟಿಸಿದರೆ ಹೆಬ್ಬೆರಳೇ ಅರ್ಧ ಆಟವನ್ನು ಮುಚ್ಚುತ್ತದೆ. ಒತ್ತಿದ್ದು ಗುಂಡಿಯನ್ನೋ ಖಾಲಿ ಗಾಜನ್ನೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಆದರೆ ಬೆರಳಿಗೆಂದೇ ಹುಟ್ಟಿದ ಆಟಗಳ ಕತೆ ಬೇರೆ. 2014ರಲ್ಲಿ ಲಂಡನ್ನಿನ ಅಸ್‌ಟೂ ಸ್ಟುಡಿಯೊ ತಂದ 'ಮಾನ್ಯುಮೆಂಟ್ ವ್ಯಾಲಿ'ಯಲ್ಲಿ ಕಟ್ಟಡಗಳನ್ನು ಬೆರಳಿಂದ ತಿರುಗಿಸಿ, ಎಳೆದು ದಾರಿ ಮಾಡಬೇಕು. ಆ ಆಟ ಗುಂಡಿಗಳನ್ನು ಬೇಡಲೇ ಇಲ್ಲ. ವಿಯೆಟ್ನಾಮಿನ ಡಾಂಗ್ ನ್ಯುಯೆನ್ ಮಾಡಿದ 'ಫ್ಲ್ಯಾಪಿ ಬರ್ಡ್‌'ಗೆ ಬೇಕಾದದ್ದು ಒಂದೇ ಬೆರಳಿನ ಒಂದೇ ಒತ್ತು. ಅದು ಜಗತ್ತನ್ನೇ ಹಿಡಿದು ಕೂರಿಸಿತು, ಚಟವಾಗುತ್ತಿದೆಯೆಂದು 2014ರ ಫೆಬ್ರುವರಿಯಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು. (ಓಡುತ್ತಿರುವ ಆಟವನ್ನು ಕೈಯಾರೆ ನಿಲ್ಲಿಸಿದವರು ಅವರ ನಂತರ ಎಷ್ಟು ಮಂದಿ ಸಿಕ್ಕಾರು!) ಹೀಗಾಗಿ ಕಳಪೆತನದ ಕಾರಣವನ್ನು ಗಾಜಿನ ಮೇಲೆ ಹೊರಿಸುವುದು ಸರಿಯಲ್ಲ.

ಕಾರಣ ಬೇಕಿದ್ದರೆ ಲೆಕ್ಕದ ಪುಸ್ತಕ ತೆರೆಯಬೇಕು. 2009ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿಯು ಉಚಿತ ಆ್ಯಪ್‌ಗಳ ಒಳಗೂ ಮಾರಾಟ ನಡೆಸಲು ಬಿಟ್ಟಿತು. ಅಲ್ಲಿಂದ ಆಟ ಮಾರುವುದು ಕಡಿಮೆಯಾಗುತ್ತ, ಆಟದ ಒಳಗೆ ಮಾರುವುದು ಹೆಚ್ಚಾಯಿತು. ಮಾರಿಯೋನ ತವರಾದ ನಿಂಟೆಂಡೊ 2016ರ ಡಿಸೆಂಬರ್‌ನಲ್ಲಿ 'ಸೂಪರ್ ಮಾರಿಯೋ ರನ್' ಅನ್ನು ಹತ್ತು ಡಾಲರಿನ ಒಂದೇ ಬೆಲೆಗೆ ಇಟ್ಟು ನೋಡಿತು. ಕೋಟಿಗಟ್ಟಲೆ ಜನ ಇಳಿಸಿಕೊಂಡರೂ ಹಣ ಕೊಟ್ಟವರ ಸಂಖ್ಯೆ ನಿರೀಕ್ಷೆ ಮುಟ್ಟಲಿಲ್ಲವೆಂದು ಕಂಪನಿಯೇ ಹೇಳಿಕೊಂಡಿತು. ಮರುವರ್ಷ ಬಂದ 'ಫೈರ್ ಎಂಬ್ಲೆಮ್ ಹೀರೋಸ್' ಉಚಿತ; ಅದರಲ್ಲಿ ಪಾತ್ರಗಳನ್ನು ಅದೃಷ್ಟದ ಚೀಟಿಯಂತೆ ಎತ್ತಬೇಕು. ಅದು ಮಾರಿಯೋಗಿಂತ ಹೆಚ್ಚು ಗಳಿಸಿತು. 'ಮಾನ್ಯುಮೆಂಟ್ ವ್ಯಾಲಿ'ಯ ಹೊಸ ಅಧ್ಯಾಯಗಳಿಗೆ ಎರಡು ಡಾಲರ್ ಕೇಳಿದಾಗ ಆಟ ಮೆಚ್ಚಿದ್ದವರೇ ಸಿಟ್ಟಿಗೆದ್ದು ಒಂದು ನಕ್ಷತ್ರ ಕೊಟ್ಟರು. ಇದರ ಪಾಠವನ್ನು ನಿಮ್ಮ ಉದ್ಯಮ ಬೇಗ ಕಲಿಯಿತು: ಬಾಗಿಲಲ್ಲಿ ಬೆಲೆ ಬರೆದರೆ ಜನ ತಿರುಗಿ ಹೋಗುತ್ತಾರೆ, ಒಳಗೆ ಕರೆದು ತುಸು ತುಸು ಕಿತ್ತರೆ ಕೊಡುತ್ತಾರೆ. ಹೀಗೆ ಕೀಳಬೇಕಾದರೆ ಆಟ ಚೆನ್ನಾಗಿ ಸಾಗಬಾರದು, ಆಗಾಗ ತಡೆಯಬೇಕು. ಕಟ್ಟಡ ಮುಗಿಯಲು ಆರು ಗಂಟೆ ಕಾಯಿರಿ ಅಥವಾ ರತ್ನ ಕೊಳ್ಳಿರಿ. ಪ್ರಾಣ ಮುಗಿಯಿತು, ಜಾಹೀರಾತು ನೋಡಿರಿ. ಈ ರಿಯಾಯಿತಿ ಇನ್ನು ಹತ್ತು ನಿಮಿಷ ಮಾತ್ರ. 2014ರಲ್ಲಿ ಬ್ರಿಟನ್ನಿನ ಜಾಹೀರಾತು ಮಂಡಳಿಯು 'ಡಂಜನ್ ಕೀಪರ್' ಎಂಬ ಮೊಬೈಲ್ ಆಟವನ್ನು ಉಚಿತವೆಂದು ಕರೆದ ಜಾಹೀರಾತೇ ದಾರಿ ತಪ್ಪಿಸುವಂಥದ್ದು ಎಂದಿತು. ಆಡುವವರು ನಿರೀಕ್ಷಿಸದಷ್ಟು ಕಾಯಿಸಿ, ಹಣ ಕೊಡದೆ ಆಡುವುದನ್ನೇ ಆ ಆಟ ಕಷ್ಟ ಮಾಡಿತ್ತು. ಆಟವನ್ನು ಹದಗೆಡಿಸಿ, ಹದ ಮಾಡಿಕೊಡಲು ದುಡ್ಡು ಕೇಳುವ ವ್ಯವಹಾರದಲ್ಲಿ ಗುಣಮಟ್ಟ ಬೆಳೆಯುವುದಾದರೂ ಹೇಗೆ?

ಇನ್ನು ಕಾನೂನು. 'ಕೌಶಲವೋ ಅದೃಷ್ಟವೋ' ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲಿ ಹಳೆಯದು. 1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪ್ರಕರಣದ ಹಿಂದಿದ್ದುದು ಬೆಂಗಳೂರಿನಲ್ಲೇ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯ ಪದಬಂಧದ ಬಹುಮಾನ ಸ್ಪರ್ಧೆ. ಜೂಜು ವ್ಯಾಪಾರವಲ್ಲ, ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂದು ನ್ಯಾಯಾಲಯ ಹೇಳಿತು; ಕೌಶಲದ ಸ್ಪರ್ಧೆ ಬಚಾವಾಯಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಕೌಶಲದ ಆಟಕ್ಕೂ ಹಣ ಕಟ್ಟುವುದನ್ನು ಅಪರಾಧ ಮಾಡಿದಾಗ, ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದನ್ನು ಹೊಡೆದುಹಾಕಿದ್ದೂ ಇದೇ ಗೆರೆಯ ಮೇಲೆ ನಿಂತು. 2025ರ ಕಾಯ್ದೆ ಆ ಗೆರೆ ಅಳಿಸಿ ಬೇರೆಯದನ್ನು ಎಳೆಯಿತು: ಕಟ್ಟಿದ ಹಣಕ್ಕೆ ಹಣವೋ ಹಣದಂಥದ್ದೋ ಮರಳಿ ಬರುವ ಆಸೆ ಇದೆಯೇ? ಇದ್ದರೆ ನಿಷೇಧ, ಇಲ್ಲದಿದ್ದರೆ ಅದು ಮನರಂಜನೆಯ 'ಸೋಷಿಯಲ್ ಗೇಮ್'. ಈಗ ನೋಡಿ. ನಿಮ್ಮ ಆಟದೊಳಗೆ ಮಾರುವ ಮುಚ್ಚಿದ ಪೆಟ್ಟಿಗೆಗೆ ಹುಡುಗ ಐವತ್ತು ರೂಪಾಯಿ ಹಾಕುತ್ತಾನೆ. ಒಳಗೆ ಬಂಗಾರದ ಬಂದೂಕು ಇರಬಹುದು, ಹರಕು ಅಂಗಿಯೂ ಇರಬಹುದು. ಬಂದದ್ದನ್ನು ಮಾರಲಾಗದು, ಹಣ ಮಾಡಲಾಗದು. ಹಾಗಾಗಿ ಇದು ಜೂಜಲ್ಲ. ಗೆದ್ದವನಿಗೆ ಹಣ ಕೊಡುವವನು ಜೈಲಿಗೆ. ಯಾರಿಗೂ ಏನನ್ನೂ ಮರಳಿಸದವನು ಮನರಂಜನೆ ಉದ್ಯಮಿ! ಕಾಯ್ದೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಹಳೆಯ ಗೆರೆಯೂ ಹೊಸ ಗೆರೆಯೂ ಒಂದು ಸರಳ ಪ್ರಶ್ನೆಯನ್ನು ಬಿಟ್ಟುಬಿಟ್ಟಿವೆ. ಏನನ್ನು, ಎಷ್ಟಕ್ಕೆ ಕೊಳ್ಳುತ್ತಿದ್ದೇನೆಂದು ಕೊಳ್ಳುವವನಿಗೆ ಗೊತ್ತಿತ್ತೇ? ಕುತೂಹಲದ ಸಂಗತಿಯೆಂದರೆ, ಸೋಷಿಯಲ್ ಗೇಮ್ ಪಡೆಯಬಹುದಾದ ಹಣವೆಂದು ಇದೇ ಕಾಯ್ದೆ ಹೆಸರಿಸುವುದು ಚಂದಾ ಮತ್ತು ಒಮ್ಮೆ ಕೊಡುವ ಪ್ರವೇಶ ಶುಲ್ಕವನ್ನು. ಎರಡೂ ಪ್ರಾಮಾಣಿಕ ಬೆಲೆಗಳು. ಪೆಟ್ಟಿಗೆಯ ವ್ಯಾಪಾರವನ್ನು ಅದು ಹೆಸರಿಸಿಲ್ಲ.

ಅದೃಷ್ಟದ ಆಟ ನಮ್ಮ ಊರಿಗೆ ಹೊಸದೇನಲ್ಲ. ಇಲ್ಲಿಗೆ ಹತ್ತಿರದ ಐಹೊಳೆಯ, ಆಚೆಯ ಪಟ್ಟದಕಲ್ಲಿನ ಗುಡಿಗಳ ನೆಲಗಲ್ಲಿನಲ್ಲಿ ಯಾರೋ ಆಟದ ಮನೆಗಳನ್ನು ಕೊರೆದಿಟ್ಟಿದ್ದಾರೆ. ಪಗಡೆಯ ವಂಶದಿಂದ ಹುಟ್ಟಿದ ಲೂಡೋ ಇಂದು ಫೋನಿನಲ್ಲಿ ಜಾಹೀರಾತಿನ ನಡುವೆ ಉರುಳುತ್ತಿದೆ. ಕಟ್ಟೆಯ ಮೇಲಿನ ಚೌಕಾಬಾರಾವನ್ನೇ ತೆಗೆದುಕೊಳ್ಳಿ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ, ಎಂಟು. ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತದೆಂದು ಹಿಡಿದರೆ, ಹದಿನಾರು ಸಲದಲ್ಲಿ ಒಮ್ಮೆ ಚೌಕ, ಒಮ್ಮೆ ಬಾರಾ. ಈ ಲೆಕ್ಕವನ್ನು ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ಅನುಭವದಿಂದ ಬಲ್ಲಳು. ಬಾರಾ ನಂಬಿ ಕಾಯಿಯನ್ನು ಬಯಲಿಗೆ ಬಿಡುವುದಿಲ್ಲ. ಕವಡೆ ಎಲ್ಲರ ಕಣ್ಣೆದುರು ಬೀಳುತ್ತದೆ, ಸೋಲುತ್ತಿರುವವನನ್ನು ಗುರುತಿಸಿ ಅವನಿಗೆಂದೇ ಬೇರೆ ತೆರನಾಗಿ ಬೀಳುವುದಿಲ್ಲ. ನಿಮ್ಮ ಪೆಟ್ಟಿಗೆಯೊಳಗಿನ ಕವಡೆ ಹೇಗೆ ಬೀಳುತ್ತದೆ ಎಂಬುದು ನಿಮಗೆ ಮಾತ್ರ ಗೊತ್ತು. ಚೀನಾ 2017ರ ಮೇ ತಿಂಗಳಿಂದ ಪೆಟ್ಟಿಗೆಯಲ್ಲಿ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟೆಂದು ಬಹಿರಂಗಪಡಿಸಬೇಕೆಂದಿತು, ದಕ್ಷಿಣ ಕೊರಿಯಾ 2024ರ ಮಾರ್ಚ್‌ನಿಂದ ಅದನ್ನೇ ಕಾನೂನು ಮಾಡಿತು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳೇ ಜೂಜು ಎಂದು ತೀರ್ಮಾನಿಸಿದ ಮೇಲೆ ಗೇಮ್ ತಯಾರಿಸುವ ಇಎ ಕಂಪನಿ ಅಲ್ಲಿ ತನ್ನ ಫಿಫಾ ಆಟದ ಪೆಟ್ಟಿಗೆ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ ಮಾರುವುದನ್ನು ನಿಲ್ಲಿಸಿತು. ಆಪಲ್, ಗೂಗಲ್ ಮಳಿಗೆಗಳೂ ಸಾಧ್ಯತೆ ಪ್ರಕಟಿಸಿ ಎನ್ನುತ್ತವೆ. ನೀವು ಪ್ರಕಟಿಸುತ್ತೀರಿ, ಮೂರು ಪರದೆ ದಾಟಿದ ಮೇಲೆ, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ದಶಾಂಶ ಚುಕ್ಕೆ ಹಾಕಿ.

ಬೆಲೆಯನ್ನೂ ಹಾಗೆಯೇ ಮುಚ್ಚುತ್ತೀರಿ. ರೂಪಾಯಿ ಕೊಟ್ಟು ವಜ್ರ, ವಜ್ರ ಕೊಟ್ಟು ಚೀಟಿ, ಚೀಟಿ ಕೊಟ್ಟು ಪೆಟ್ಟಿಗೆ. ಬೇಕಾದ ವಸ್ತುವಿಗೆ ಅರವತ್ತೈದು ವಜ್ರವಾದರೆ ಅಂಗಡಿಯಲ್ಲಿ ಸಿಗುವುದು ಅರವತ್ತರ ಕಟ್ಟು, ಇಲ್ಲವೇ ನೂರರದು. ನಮ್ಮ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಮುಟ್ಟಿ ಬೆಲೆ ಕುದುರಿಸುವುದನ್ನು ಕಂಡು ಪಟ್ಟಣದವರು ನಗುತ್ತಾರೆ. ಆ ಟವೆಲ್ ಕೆಳಗೆ ಕೊಡುವವನಿಗೂ ಕೊಳ್ಳುವವನಿಗೂ ಬೆಲೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಗೊತ್ತಿಲ್ಲದ್ದು ಸುತ್ತ ನಿಂತವರಿಗೆ. ನಿಮ್ಮ ಅಂಗಡಿಯಲ್ಲಿ ಕೊಳ್ಳುವವನಿಗೇ ಗೊತ್ತಿರುವುದಿಲ್ಲ.

ಇದಕ್ಕೆ ಪರಿಹಾರವೆಂದು ನಮ್ಮಲ್ಲಿ ಹೆಚ್ಚು ಕೇಳಿಬರುವುದು ಗಂಟೆಯ ಲೆಕ್ಕ: ಮಕ್ಕಳಿಗೆ ಹೊತ್ತು ಕಟ್ಟಿ. ಮಾಡಿ ನೋಡಿದವರ ಅನುಭವ ಏನು? ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರರೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಬಂದ್ ಮಾಡಿತು. ಮಕ್ಕಳು ಅಪ್ಪ-ಅಮ್ಮನ ಗುರುತಿನ ಸಂಖ್ಯೆ ಹಾಕಿ ಒಳಗೆ ಹೋದರು, 2022ರ ಜನವರಿಯಲ್ಲಿ ಸರ್ಕಾರ ಆ ಕಾನೂನನ್ನು ಕೈಬಿಟ್ಟಿತು. ಚೀನಾ ಇನ್ನೂ ಬಿಗಿ. 2021ರಿಂದ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ. ಅದಕ್ಕೂ ಮೊದಲಿನ 2019ರ ಮಿತಿಯ ಪರಿಣಾಮವನ್ನು ಏಳುನೂರು ಕೋಟಿ ಗಂಟೆಗಳ ಆಟದ ದಾಖಲೆ ಇಟ್ಟುಕೊಂಡು ಅಳೆದ ಸಂಶೋಧಕರು, ಅತಿಯಾಗಿ ಆಡುವುದು ಕಡಿಮೆಯಾದುದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ ಎಂದು 2023ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಬರೆದರು. ನಮ್ಮಲ್ಲೂ ಪಬ್‌ಜಿಯನ್ನು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ್ದು ಮಕ್ಕಳ ಕಾರಣಕ್ಕಲ್ಲ, ದೇಶದ ಭದ್ರತೆಯ ಕಾರಣಕ್ಕೆ. ಹತ್ತು ತಿಂಗಳಲ್ಲಿ ಅದು ಬಿಜಿಎಂಐ ಎಂಬ ಹೆಸರಲ್ಲಿ ಮರಳಿತು. ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಆಟ, ಏಳು ಸಾವಿರ ರೂಪಾಯಿಯ ಖರ್ಚು ಎಂಬ ಮಿತಿಗಳನ್ನು ತಾನೇ ಘೋಷಿಸಿಕೊಂಡಿತು. ದಿನಕ್ಕೆ ಏಳು ಸಾವಿರ! ಇಳಕಲ್ಲಿನ, ಸೂಳೇಬಾವಿಯ ಕೈಮಗ್ಗದ ಮನೆಯಲ್ಲಿ ಒಂದು ವಾರ ಕೂತು ನೇಯ್ದರೂ ಅಷ್ಟು ಕೂಲಿ ಹುಟ್ಟುವುದಿಲ್ಲ. ಈ ಮಿತಿ ಬರೆದವರ ಕಣ್ಣಮುಂದೆ ಯಾರ ಮಗು ಇತ್ತೋ ತಿಳಿಯದು, ಮಗ್ಗದವರ ಮಗುವಂತೂ ಅಲ್ಲ.

ಚಟವೆಂಬುದೇ ಇಲ್ಲವೆನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಕಾಯಿಲೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಅದಕ್ಕೂ ಐದು ವರ್ಷ ಮೊದಲೇ ಬೆಂಗಳೂರಿನ ನಿಮ್ಹಾನ್ಸ್ 'ಶಟ್' ಚಿಕಿತ್ಸಾಲಯ ತೆರೆದು ಫೋನಿಗೆ ಅಂಟಿದವರನ್ನು ನೋಡತೊಡಗಿತ್ತು. ಆದರೆ ಕಾಯಿಲೆಯ ಮಟ್ಟಕ್ಕೆ ಹೋಗುವವರು ಕಡಿಮೆ. ಬೆಲೆ ತಿಳಿಯದೆ ಹಣ ಕಳೆದುಕೊಳ್ಳುವವರು ಹೆಚ್ಚು. ಮೊದಲಿನದಕ್ಕೆ ವೈದ್ಯರು ಬೇಕು. ಎರಡನೆಯದಕ್ಕೆ ಬೆಲೆಪಟ್ಟಿ ಸಾಕು.

'ಮಕ್ಕಳನ್ನು ನೋಡಿಕೊಳ್ಳುವುದು ತಂದೆತಾಯಿಯ ಕೆಲಸ, ಫೋನಿನಲ್ಲಿ ಪೇರೆಂಟಲ್ ಕಂಟ್ರೋಲ್ ಇದೆಯಲ್ಲ' ಎಂದು ನೀವು ಹೇಳುತ್ತೀರಿ. ಹುನಗುಂದದ ಈ ಸೀಮೆಯಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋದವರ ಮಕ್ಕಳು ಅಜ್ಜ-ಅಜ್ಜಿಯ ಬಳಿ ಬೆಳೆಯುತ್ತಾರೆ. ಮನೆಗೊಂದೇ ಫೋನು. ಅದರಲ್ಲೇ ಯುಪಿಐ, ಅದರಲ್ಲೇ ರೇಷನ್ ಕಾರ್ಡಿನ ಓಟಿಪಿ, ಅದರಲ್ಲೇ ಶಾಲೆಯ ಗ್ರೂಪು, ಅದರಲ್ಲೇ ನಿಮ್ಮ ಆಟ. ಆ ಫೋನಿನ ಸೆಟ್ಟಿಂಗ್ ಗೊತ್ತಿರುವುದು ಮನೆಯಲ್ಲಿ ಒಬ್ಬನಿಗೇ, ಯಾರನ್ನು ತಡೆಯಬೇಕೋ ಅವನಿಗೆ. ಅಜ್ಜಿಗೆ ಹಣ ಕಳಿಸಿಕೊಡುವವನೂ ಅವನೇ, ಹಾಗಾಗಿ ಪಿನ್ ಅವನಿಗೆ ಗೊತ್ತು. ಇಂಥ ಮನೆಗೆ ಇಂಗ್ಲಿಷಿನ ಪೇರೆಂಟಲ್ ಕಂಟ್ರೋಲ್ ತೋರಿಸಿ ನೀವು ಜವಾಬ್ದಾರಿ ಕಳಚಿಕೊಳ್ಳಲಾಗದು. ಕಾನೂನೂ ನಿಮ್ಮ ಪರ ಇಲ್ಲ. ಹದಿನೆಂಟು ತುಂಬದವರು ಮಾಡಿದ ಕರಾರು ಮೊದಲಿನಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಮೊಹೋರಿ ಬೀಬಿ ಪ್ರಕರಣದಲ್ಲಿ ಹೇಳಿದೆ, ಇಂದಿಗೂ ಅದೇ ಕಾನೂನು. ಅಮೆರಿಕದ ವ್ಯಾಪಾರ ಆಯೋಗವು ಮಕ್ಕಳು ಒತ್ತಿದ ಖರೀದಿಗಳಿಗಾಗಿ 2014ರಲ್ಲಿ ಆಪಲ್‌ನಿಂದ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಿತು. 2022ರಲ್ಲಿ 'ಫೋರ್ಟ್‌ನೈಟ್‌'ನ ಎಪಿಕ್ ಕಂಪನಿಯು ಗುಂಡಿಗಳ ಜಾಗದಿಂದಲೇ ಜನರನ್ನು ಯಾಮಾರಿಸಿದ್ದಕ್ಕಾಗಿ 24.5 ಕೋಟಿ ಡಾಲರ್ ಮರಳಿಸಲು ಒಪ್ಪಿತು. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹದಿಮೂರು ಬಗೆಯ ಇಂಥ ಕಣ್ಕಟ್ಟುಗಳನ್ನು ಹೆಸರಿಸಿ ತಡೆದಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರನ್ನು ಹಂಗಿಸುವುದು, ಬಿಡದೆ ಪೀಡಿಸುವುದು ಆ ಪಟ್ಟಿಯಲ್ಲಿವೆ. ನಿಮ್ಮ ಆಟದ ಮೊದಲ ಐದು ನಿಮಿಷವನ್ನು ಆ ಪಟ್ಟಿಯ ಪಕ್ಕ ಇಟ್ಟು ನೋಡಿ.

ನಿಮ್ಮ ವಾದಗಳಲ್ಲಿ ನನಗೆ ಗಟ್ಟಿಯೆನಿಸುವುದು ಇನ್ನೊಂದಿದೆ. ಆಟ ಉಚಿತವಾಗಿರುವುದರಿಂದಲೇ ಅಮೀನಗಡದ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಅದೇ ಆಟ ಸಿಕ್ಕಿದೆ, ಬೆಲೆ ಬರೆದರೆ ಮೊದಲು ಹೊರಗುಳಿಯುವವನು ಬಡವ ಎನ್ನುತ್ತೀರಿ. ಇದನ್ನು ತಳ್ಳಿಹಾಕಲಾರೆ. 2016ರಲ್ಲಿ ಡೇಟಾ ಅಗ್ಗವಾದ ಮೇಲೆ ಕನ್ಸೋಲ್ ಕಾಣದ ಊರುಗಳಿಗೆ ವಿಡಿಯೊ ಗೇಮ್ ತಲುಪಿದ್ದು ಈ ದಾರಿಯಿಂದಲೇ. ಆದರೆ ಉಚಿತದ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನೂ ಹೇಳಿ. ಆಡುವವರಲ್ಲಿ ಬಹುತೇಕರು ಒಂದು ಪೈಸೆಯನ್ನೂ ಕೊಡುವುದಿಲ್ಲ, ಆದಾಯದ ದೊಡ್ಡ ಪಾಲು ಬರುವುದು ಬೆರಳೆಣಿಕೆಯ ಜನರಿಂದ. ಅವರನ್ನು ನಿಮ್ಮವರು ತಿಮಿಂಗಿಲ ಎನ್ನುತ್ತಾರಂತೆ. ಅವರೆಲ್ಲ ಸಿರಿವಂತರಾಗಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ಯಾರು ಹೆಚ್ಚು ಕೊಡುತ್ತಾರೆಂಬುದನ್ನು ಅವರ ಆಸ್ತಿ ತೀರ್ಮಾನಿಸುವುದಿಲ್ಲ, ಆಟ ನಿಲ್ಲಿಸಲಾಗದ ಅವರ ದೌರ್ಬಲ್ಯ ತೀರ್ಮಾನಿಸುತ್ತದೆ. ನೂರು ಜನರ ಉಚಿತ ಆಟಕ್ಕೆ ನಿಲ್ಲಿಸಲಾಗದ ಒಬ್ಬನ ಜೇಬು ಹಿಡಿಯುವುದು ಬಡವರ ಪರವಾದ ವ್ಯವಸ್ಥೆ ಎನಿಸಿಕೊಳ್ಳದು. ಮೊದಲ ಅಧ್ಯಾಯಗಳನ್ನು ಉಚಿತವಾಗಿ ಕೊಟ್ಟು, ಹಿಡಿಸಿದವರಿಂದ ಇಪ್ಪತ್ತೋ ಮೂವತ್ತೋ ರೂಪಾಯಿ ಒಮ್ಮೆಗೇ ಪಡೆಯಬಹುದು. ಆಡುವವರ ಸಂಖ್ಯೆ ದೊಡ್ಡದಿರುವ ನಾಡಿನಲ್ಲಿ ಸಣ್ಣ ಬೆಲೆ ಹೊಟ್ಟೆ ತುಂಬಿಸದು ಎಂದು ಪ್ರಯತ್ನಿಸುವ ಮೊದಲೇ ಹೇಳಬೇಡಿ. ಮಾರಿಯೋಗೆ ಹತ್ತು ಡಾಲರ್ ಹೆಚ್ಚಾಗಿತ್ತು ಎಂಬುದಷ್ಟೇ ಆ ಕತೆಯಿಂದ ಸಾಬೀತಾಗುವುದು.

ಹೊರದೇಶದ ದೈತ್ಯರು ಹೀಗೆ ಮಾಡುತ್ತಿರುವಾಗ ಬೆಂಗಳೂರಿನ ಸಣ್ಣ ಸ್ಟುಡಿಯೊ ಮಾತ್ರ ಸತ್ಯಹರಿಶ್ಚಂದ್ರನಾದರೆ ಮುಳುಗುತ್ತದೆ ಎಂಬ ಭಯವೂ ಸಹಜವೇ. ಆದರೆ ನೀವು ಬರಿಗೈಯವರಲ್ಲ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ಮಾಡಿದ್ದು ಕರ್ನಾಟಕ. ಈಗ ನಡೆಯುತ್ತಿರುವುದು 2024ರಿಂದ 29ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ. ಅದರ ಅನುದಾನದಲ್ಲಿ ಬಾಗಲಕೋಟೆ ಜಿಲ್ಲೆಯ ತೆರಿಗೆಯೂ ಇದೆ. ಆ ಹಣ ಪಡೆಯುವ ಆಟಕ್ಕೆ ಕೆಲವು ಷರತ್ತುಗಳನ್ನು ನೀವೇ ಸರ್ಕಾರದ ಮುಂದಿಡಿ. ಬೆಲೆ ರೂಪಾಯಿಯಲ್ಲೇ ಇರಬೇಕು, ವಜ್ರದಲ್ಲಿ ಅಲ್ಲ. ಪೆಟ್ಟಿಗೆ ಇರಲೇಬೇಕೆಂದರೆ ಅದರ ಮುಖದ ಮೇಲೆ ಕನ್ನಡದಲ್ಲಿ, 'ಇನ್ನೂರು ಸಲಕ್ಕೆ ಒಮ್ಮೆ' ಎಂಬಷ್ಟು ಸರಳವಾಗಿ ಸಾಧ್ಯತೆ ಬರೆಯಬೇಕು. ಖರೀದಿ ಮೊದಲಿಗೆ ಮುಚ್ಚಿರಬೇಕು, ಬೇಕೆಂದವರು ತೆರೆದುಕೊಳ್ಳಲಿ. ಮಗು ಮಾಡಿದ ಖರೀದಿಯೆಂದು ದೂರು ಬಂದರೆ ವಾದಿಸದೆ ಮರಳಿಸಬೇಕು. ಇದರಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ, ಯಾವ ಪ್ರಾಯದವರ ಸ್ವಾತಂತ್ರ್ಯಕ್ಕೂ ಇದು ಅಡ್ಡಿಯಲ್ಲ.

ಹೇಗೂ ಒಂದಷ್ಟು ಬದಲಾವಣೆ ನಿಮ್ಮ ಬಾಗಿಲಿಗೆ ಬರುತ್ತಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ನಡವಳಿಕೆಯ ಬೆನ್ನು ಹತ್ತುವುದನ್ನು, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವಿದೆ. ಕೊನೆಯ ವಾರದವರೆಗೆ ಕಾದು, ವಕೀಲರನ್ನು ಕೇಳಿ, 'ನನಗೆ ಹದಿನೆಂಟು ತುಂಬಿದೆ' ಎಂಬ ಒಂದು ಗುಂಡಿ ಸೇರಿಸಿ ಕೈತೊಳೆದುಕೊಳ್ಳುವ ದಾರಿಯೂ ನಿಮಗಿದೆ. ಆ ದಾರಿ ಹಿಡಿದರೆ ಮುಂದಿನ ನಿಷೇಧದ ಪಟ್ಟಿಯಲ್ಲಿ ನಿಮ್ಮ ಹೆಸರಿರುತ್ತದೆ; 2025ರ ಆಗಸ್ಟ್‌ವರೆಗೆ ರಮ್ಮಿಯವರೂ, 2022ರ ಹೈಕೋರ್ಟ್ ತೀರ್ಪು ಕೈಯಲ್ಲಿದೆಯೆಂದು, ಹಾಗೆಯೇ ಧೈರ್ಯವಾಗಿದ್ದರು.

ಈ ಪತ್ರ ಓದುತ್ತಿರುವ ತಂದೆತಾಯಿಗೂ ಒಂದು ಮಾತು: ಮಗುವಿನ ಖರೀದಿಯಿಂದ ಹಣ ಹೋಗಿದ್ದರೆ ಮೊದಲು ಆ್ಯಪ್ ಮಳಿಗೆಯಲ್ಲೇ ಕೂಡಲೇ ಮರುಪಾವತಿ ಕೇಳಿ, ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಿ. ಗೇಮ್ ತಯಾರಿಸುವ ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಆಟ ಬಿಡುಗಡೆ ಮಾಡುವಾಗ ಅದರ ಬೆಲೆಯನ್ನು ಬಾಗಿಲಲ್ಲೇ, ಕನ್ನಡದಲ್ಲಿ, ರೂಪಾಯಿಯಲ್ಲಿ ಬರೆಯಿರಿ. ಕೊಳ್ಳುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ.